ರಾಯರ ಫೋರ್ ಬೈ ಫೋರ್

ಹೈದರಾಬಾದಿನ ಕಾಚಿಗುಡದ ರಾಯರಿಗೆ ಸಂಸಾರಸಮೇತ ಅನಂತಗಿರಿ ಗುಡ್ಡ ಹತ್ತುವ ಹುಚ್ಚು ಹಿಡಿಯಿತು. ಅಲ್ಲಿಗೆ ಟಾರು ರಸ್ತೆಯೇ ಇದೆ ಎಂಬ ಕ್ಷುಲ್ಲಕ ಸಂಗತಿ ಅವರನ್ನು ಬಾಧಿಸಲಿಲ್ಲ.

“ಜಿಪ್ಸಿ ತಗೊಳ್ಳಿ ಸಾರ್, ಸೇನೆಯವರ ಗಾಡಿ. ಹತ್ತಿರ ಹತ್ತಿರ ಒಂದು ಟನ್ ಅಷ್ಟೆ, ಆಡಿನ ಹಾಗೆ ಹತ್ತುತ್ತೆ,” ಎಂದ ದಲ್ಲಾಳಿ.

“ಮಾರುತಿ 2019ರ ಹೊತ್ತಿಗೇ ಜನರಿಗೆ ಮಾರೋದು ನಿಲ್ಲಿಸಿತಲ್ಲ?”

“ಅದಕ್ಕೇ ರೇಟು ಏರಿರೋದು!”

ಹೆಂಡತಿ ಹಿಂದೆ ಇಣುಕಿದರು. ಎದುರುಬದುರು ಬೆಂಚು, ಏಸಿ ಇಲ್ಲ. “ಅತ್ತೆಯವರು ಹೀಗೆ ಅಡ್ಡಡ್ಡ ಕೂತು ಬರಬೇಕೆ?”

ಮುಂದಿನದು ಕೆಎ ನಂಬರಿನ ಥಾರ್, 2010ರಲ್ಲಿ ಬಂದ ಮಾದರಿ. ಬೆಂಚು ಇಲ್ಲೂ ಅದೇ, ಆದರೆ 2.5 ಲೀಟರ್ ಡೀಸೆಲ್ ಎಂಜಿನ್ನಿಗೆ ಟ್ರೇಲರ್ ಎಳೆಯುವ ದಮ್ಮಿತ್ತು. ಬೆಲೆಯ ಮೇಲೆ ಎನ್‌ಒಸಿ ಓಡಾಟ, ತೆಲಂಗಾಣದ ಜೀವಾವಧಿ ತೆರಿಗೆ ಕೂಡಿಸಿದಾಗ ರಾಯರ ದಮ್ಮು ಕಟ್ಟಿತು.

ಮೆಕ್ಯಾನಿಕ್ ಫೋರ್-ಲೋ ಹಾಕಲು ಚಿಕ್ಕ ಲಿವರ್ ಎಳೆದ. ಅದು ಅಲುಗಲಿಲ್ಲ.

“ಹಿಂದಿನ ಓನರ್ ಒಂದು ಸಲವೂ ಮುಟ್ಟಿಲ್ಲ, ಹೊಸದರಂತಿದೆ!” ದಲ್ಲಾಳಿ ಹಿಗ್ಗಿದ.

“ಅಥವಾ ಒಣ ಟಾರಿನ ಮೇಲೂ ಫೋರ್ ವೀಲಲ್ಲೇ ಓಡಿಸಿ ಗೇರು ಬಿಗಿದುಕೊಂಡಿದೆ,” ಎಂದ ಮೆಕ್ಯಾನಿಕ್. “ಇದರಲ್ಲಿ ನಡುವಿನ ಡಿಫರೆನ್ಷಿಯಲ್ ಇಲ್ಲ ನೋಡಿ.”

“ಅದಿರಲಿ, ಎಳೆಯೋಕೆ ನಮ್ಮ ಹತ್ರ ಏನಿದೆ?” ಹೆಂಡತಿ ಕೇಳಿದರು.

ರಾಯರು ತಡವರಿಸಿದರು. “ಮುಂದೆ ಒಂದು ದೋಣಿ...”

“ಸೆಕೆಂಡ್ ಹ್ಯಾಂಡ್ ದೋಣಿಯೂ ಇದೆ ಸಾರ್,” ಎಂದ ದಲ್ಲಾಳಿ.