ಮಟನ್ ಮುಟ್ಟದ ಮಾಂಸವಾದಿ

ಮಾಂಸಾಹಾರದಿಂದಲೇ ಮನುಷ್ಯಕುಲದ ಉದ್ಧಾರ ಎಂದು ಗಂಟಲು ಹರಿಯುವಂತೆ ವಾದಿಸುವ, ಆದರೆ ಹುಟ್ಟಿದಾಗಿನಿಂದ ಒಂದು ಮೊಟ್ಟೆಯನ್ನೂ ಮುಟ್ಟಿರದ ಜನ ಚೆನ್ನೈನಲ್ಲಿದ್ದಾರೆ. ಅಂಥವರಲ್ಲಿ ಒಬ್ಬರು ಬೆಳಗ್ಗೆ ಮೈಲಾಪುರದ ನಾಗೇಶ್ವರರಾವ್ ಪಾರ್ಕಿನಲ್ಲಿ ಸಿಗುತ್ತಾರೆ. ನನಗಂತೂ ತಪ್ಪಿಸಿಕೊಂಡರೂ ಸಿಗುತ್ತಾರೆ. ಹೆಸರು ಬೇಡ, ರಾಯರು ಎನ್ನೋಣ. ತಿರುವಲ್ಲಿಕ್ಕೇಣಿಯ ಮಾಧ್ವ ಮನೆತನ. ಏಕಾದಶಿಗೆ ನೀರೂ ಮುಟ್ಟದ ತಾಯಿಯ ಮಗ.

ಬ್ಯಾಂಕಿನಿಂದ ನಿವೃತ್ತರಾದ ಹೊಸದರಲ್ಲಿ ರಾಯರಿಗೆ ಸಕ್ಕರೆ ಕಾಣಿಸಿಕೊಂಡಿತು. ತಮಿಳುನಾಡಿನಲ್ಲಿ ಆಗ ನಿಯಾಂಡರ್ ಸೆಲ್ವನ್ ಅವರ ಬರಹಗಳಿಂದ ಪೇಲಿಯೋ ಗಾಳಿ ಜೋರಾಗಿತ್ತು: ಅನ್ನ, ಇಡ್ಲಿ, ಸಕ್ಕರೆ ಬಿಡಿ; ಆದಿಮಾನವನಂತೆ ಮಾಂಸ, ಮೊಟ್ಟೆ, ಕೊಬ್ಬು ತಿನ್ನಿ. ಸಸ್ಯಾಹಾರಿಗಳಿಗೊಂದು ರಿಯಾಯಿತಿ: ಪನೀರು, ತುಪ್ಪ, ಬೆಳಗ್ಗೆ ನೂರು ಬಾದಾಮಿ. ರಾಯರು ಸಿದ್ಧಾಂತವನ್ನು ಪೂರ್ತಿ ಒಪ್ಪಿ, ರಿಯಾಯಿತಿಯನ್ನು ತಾವಿಟ್ಟುಕೊಂಡು, ಮಟನ್ನನ್ನು ಲೋಕಕ್ಕೆ ಬಿಟ್ಟುಕೊಟ್ಟರು. ಮನೆಗೆಲಸದವಳಿಗೆ ದಿನಾ ಆಟ್ಟುಕಾಲ್ ಸೂಪು, ಅಂದರೆ ಮೇಕೆ ಕಾಲಿನ ಸೂಪು, ಕುಡಿಯಲು ಹೇಳಿದರು. “ಅಪ್ಪೊ ಸಂಬಳತ್ತೆ ಏತ್ತುಂಗ ಸಾರ್” (ಹಾಗಾದ್ರೆ ಸಂಬಳ ಏರಿಸಿ ಸಾರ್) ಎಂದಳಂತೆ ಅವಳು. ಅವಳಿಗೆ ಉಪದೇಶ ಅಲ್ಲಿಗೇ ನಿಂತಿತು.

ಬಾದಾಮಿಯ ಕಥೆ ಅಷ್ಟು ಬೇಗ ಮುಗಿಯುವಂಥದ್ದಲ್ಲ. ರಾತ್ರಿ ನೆನೆಹಾಕುವ ಕೆಲಸ ಅವರ ಮನೆಯವರದು. ಲೆಕ್ಕ ತಪ್ಪಬಾರದೆಂದು ಆ ತಾಯಿ ಒಂದೊಂದು ನಾಮ ಹೇಳಿ ಒಂದೊಂದು ಬಾದಾಮಿ ಪಾತ್ರೆಗೆ ಹಾಕುತ್ತಾರೆ. ಅಷ್ಟೋತ್ತರವಾದ್ದರಿಂದ ಅದು ನಿಲ್ಲುವುದು ನೂರೆಂಟಕ್ಕೆ. “ಎಂಟು ಜಾಸ್ತಿ ಆಗತ್ತೆ ಕಣೇ, ನೂರಕ್ಕೆ ನಿಲ್ಲಿಸು” ಎಂದು ರಾಯರು. “ಅರ್ಚನೇನ ಅರ್ಧಕ್ಕೆ ಬಿಡಕ್ಕಾಗತ್ತಾ? ಬೇಡದಿದ್ರೆ ಎಂಟನ್ನ ಅಳಿಲಿಗೆ ಹಾಕಿ” ಎಂದು ಅವರು. ಪಾರ್ಕಿನಲ್ಲಿ ಆ ಅಳಿಲು ನಾನೇ. ಎಂಟೂ ಬಾದಾಮಿ ನನ್ನ ಅಂಗೈಗೆ ಬರುತ್ತವೆ. ಬಾಯಿ ತುಂಬಿ ಎದುರು ಮಾತಾಡಲಾಗದ ಹೊತ್ತು ನೋಡಿ ಉಪನ್ಯಾಸ ಶುರುವಾಗುತ್ತದೆ.

“ಪಾಲಿಷ್ ಅಕ್ಕಿ ಹೆಚ್ಚು ತಿನ್ನೋರಲ್ಲಿ ಸಕ್ಕರೆ ಕಾಯಿಲೆ ಹೆಚ್ಚು ಅಂತ ಇದೇ ಊರಿನ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್‌ನೋರು 2009ರಲ್ಲೇ ಹೇಳಿದಾರೆ. ಅನ್ನ ವಿಷ ಸ್ವಾಮೀ!” ಇದರಲ್ಲಿ ಮೊದಲ ವಾಕ್ಯ ಸಂಶೋಧಕರದು, ಎರಡನೆಯದು ರಾಯರದು. ಆಮೇಲೆ ನನ್ನ ಮುಖದಲ್ಲಿ ಬಿ12 ಕೊರತೆ ಕಾಣುತ್ತದೆ. ನನ್ನ ಮುಖ ಸ್ಕೂಲಿನಿಂದಲೂ ಹಾಗೇ ಇದೆ ಎಂದರೆ ಕೇಳುವುದಿಲ್ಲ.

ಇವರಿಗೆ ಎದುರಾಳಿ ಮಂಗಳೂರಿನ ಶೆಟ್ಟರು. ಕೋರಿ ರೊಟ್ಟಿ, ಬಂಗುಡೆ ಪುಳಿಮುಂಚಿಯಲ್ಲಿ ಬೆಳೆದ ದೇಹ; ಈಗ ಹಾಲನ್ನೂ ಬಿಟ್ಟ ವೀಗನ್. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2015ರಲ್ಲಿ ಸಾಸೇಜು, ಬೇಕನ್ನುಗಳನ್ನು ತಂಬಾಕಿನ ಸಾಲಿಗೆ ಸೇರಿಸಿದ್ದನ್ನು ಅವರು ವಾರಕ್ಕೊಮ್ಮೆಯಾದರೂ ನೆನಪಿಸುತ್ತಾರೆ. ಆ ಸಾಲು ಸಾಕ್ಷ್ಯ ಎಷ್ಟು ಗಟ್ಟಿ ಎಂಬುದಕ್ಕೆ, ಅಪಾಯ ಎಷ್ಟು ದೊಡ್ಡದು ಎಂಬುದಕ್ಕಲ್ಲ ಎಂದು ಹೇಳಲು ಹೋಗಿ ನಾನು ಇಬ್ಬರಿಂದಲೂ ಬೈಸಿಕೊಂಡಿದ್ದೇನೆ. ರಾಯರು ಬೇಕನ್ ಕಣ್ಣಲ್ಲಿ ಕಂಡವರಲ್ಲ. ಆದರೂ ಅದರ ಮಾನ ಕಾಯಲು ಎದ್ದು ನಿಂತರು.

“ಕೊಬ್ಬು ಕೆಟ್ಟದ್ದು ಅಂತ ಲೋಕಾನ ಹಾಳು ಮಾಡಿದ್ದೇ ಆ ಆನ್ಸೆಲ್ ಕೀಸ್!”

“ಕೀಸ್ ನೂರು ವರ್ಷ ಬದುಕಿದ್ರು ರಾಯ್ರೇ. ಕೊಬ್ಬು ತಿನ್ನಿ ಅಂದ ನಿಮ್ಮ ಡಾಕ್ಟರ್ ಅಟ್ಕಿನ್ಸ್ ಎಪ್ಪತ್ತೆರಡಕ್ಕೇ ಹೋದ್ರು.”

“ಅವರು ನ್ಯೂಯಾರ್ಕಲ್ಲಿ ಮಂಜುಗಡ್ಡೆ ಮೇಲೆ ಜಾರಿ ಬಿದ್ದು ಹೋದದ್ದು ಸ್ವಾಮೀ, ಬೆಣ್ಣೆ ಮೇಲೆ ಜಾರಿ ಅಲ್ಲ!”

ಇಬ್ಬರು ಹೇಳಿದ್ದೂ ನಿಜವೇ. ವಾದ ಮುಗಿಯದಿರಲು ಇನ್ನೇನು ಬೇಕು?

ಹಾಗೆಂದು ರಾಯರನ್ನು ಪೂರ್ತಿ ಬೈಯಲೂ ಆಗುವುದಿಲ್ಲ. ಟಿ. ನಗರದ ಒಂದು ಉಪನಯನದ ಪಂಕ್ತಿಯಲ್ಲಿ ಅವರ ಪಕ್ಕ ಕೂತಿದ್ದೆ. ಎಲೆಯ ಮೇಲೆ ಪಲ್ಯ, ತುಪ್ಪ ಬಿಟ್ಟರೆ ಏನಿಲ್ಲ. ಅನ್ನ ಬಂದಾಗ ಎರಡೂ ಕೈ ಅಡ್ಡ ಹಿಡಿದರು. ಸಾರಿನ ಬಕೆಟ್ಟು ಹತ್ತಿರ ಬಂದಾಗ ಮಾತ್ರ ಉಪನ್ಯಾಸ ನಡುವೆಯೇ ನಿಂತಿತು. “ದೊನ್ನೆಗೊಂದು ಸೌಟು ಹಾಕಪ್ಪಾ” ಎಂದರು. ಕುಡಿದು, ಇನ್ನೊಂದು ಸೌಟು ಹಾಕಿಸಿಕೊಂಡರು. ಕೈ ತೊಳೆಯುವಲ್ಲಿ ತಮ್ಮ ತಂದೆಯ ವಿಷಯ ಹೇಳಿದರು: ದಿನಾ ಎರಡು ಹೊತ್ತು ಸಾರನ್ನ, ಅರವತ್ತಕ್ಕೆ ಸಕ್ಕರೆಯಿಂದ ಒಂದು ಕಾಲು ತೆಗೆಸಬೇಕಾಯಿತು. ಅವತ್ತು ಅವರ ಮಾತಿನಲ್ಲಿ ಇಸವಿ, ಸಂಶೋಧನೆ ಯಾವುದೂ ಬರಲಿಲ್ಲ. ಹೆದರಿದ ಮನುಷ್ಯನಿಗೆ ಹಿಡಿದುಕೊಳ್ಳಲು ಒಂದು ಆದಿಮಾನವ ಬೇಕಾಗುತ್ತದೇನೋ.

ಮೊನ್ನೆ ಇಬ್ಬರೂ ಪಾರ್ಕಿಗೆ ಲ್ಯಾಬ್ ರಿಪೋರ್ಟ್ ತಂದಿದ್ದರು. ಇಬ್ಬರಿಗೂ ಸಕ್ಕರೆ ಇಳಿದಿತ್ತು; ಇಬ್ಬರೂ ಗೆದ್ದೆವೆಂದರು. ಇಬ್ಬರೂ ಬಿಳಿ ಅನ್ನ, ಸಿಹಿ, ಕರಿದದ್ದು ಬಿಟ್ಟಿದ್ದೀರಿ, ದಿನಾ ನಡೆಯುತ್ತೀರಿ, ಇಳಿದದ್ದು ಅದಕ್ಕೇ ಇರಬಹುದಲ್ಲ ಎಂದೆ. ವರ್ಷಗಳಲ್ಲಿ ಮೊದಲ ಸಲ ಇಬ್ಬರೂ ಒಂದಾದರು.

“ಅದಿರಲಿ, ನಿಮ್ಮದೆಷ್ಟು?”

ನ್ಯೂ ವುಡ್‌ಲ್ಯಾಂಡ್ಸಿನಲ್ಲಿ ಪೊಂಗಲ್ ಮುಗಿಯುವ ಹೊತ್ತಾಗಿತ್ತು. ಅರ್ಜೆಂಟ್ ಕೆಲಸವಿದೆ ಎಂದು ಹೊರಟೆ.