ಈ ಗಂಟೆ ಕಟ್ಟಿದವರು ಯಾರು?

"ಮೇಷ್ಟ್ರೇ, ಈ ಬೆಲ್ ಕರ್ವ್ ಅಂದ್ರೆ ಯಾವ ಪೀಡೆ? ನಮ್ಮ ಹುಡುಗನ ಇನ್‌ಕ್ರಿಮೆಂಟ್ ನುಂಗಿಹಾಕಿದೆಯಂತೆ!"

ಕಾಂಪೌಂಡಿನಾಚೆ ದಾಸವಾಳ ಬಿಡಿಸುತ್ತಿದ್ದ ಗಣಿತದ ಮೇಷ್ಟ್ರು ಬುಟ್ಟಿ ಕೆಳಗಿಟ್ಟರು. ಇವತ್ತು ಅವರ ಪೂಜೆ ತಡ ಅಂತಲೇ ಲೆಕ್ಕ.

"ಪೀಡೆಯಲ್ಲ ಕಣಯ್ಯ. ಸೃಷ್ಟಿಯಲ್ಲಿ ಎಷ್ಟೋ ಕಡೆ ಕಾಣೋ ಆಕಾರ. ಒಂದೂರಿನ ಗಂಡಸರ ಎತ್ತರ ಅಳೆದು, ಯಾವ ಎತ್ತರಕ್ಕೆ ಎಷ್ಟು ಜನ ಅಂತ ಗೆರೆ ಎಳಿ. ನಡುವೆ ಗುಡ್ಡ, ಎರಡೂ ಕಡೆ ಇಳಿಜಾರು, ಥೇಟ್ ದೇವಸ್ಥಾನದ ಗಂಟೆ. ಬೆಲ್ಜಿಯಂನ ಕೆಟೆಲೆ ಅನ್ನೋ ಖಗೋಳ ವಿಜ್ಞಾನಿ ಐದು ಸಾವಿರಕ್ಕೂ ಹೆಚ್ಚು ಸ್ಕಾಟಿಷ್ ಸೈನಿಕರ ಎದೆಯ ಸುತ್ತಳತೆ ಇಟ್ಟುಕೊಂಡು ನೋಡಿದ. ಅಲ್ಲೂ ಇದೇ ಗಂಟೆ."

"ಅದೇನು, ಸೈನಿಕರೆಲ್ಲ ಮಾತಾಡಿಕೊಂಡು ಎದೆ ಬೆಳೆಸಿದ್ದರಾ?"

"ಮಾತಾಡಿಕೊಳ್ಳದೇ ಇದ್ದದ್ದಕ್ಕೇ ಹಾಗಾಗಿದ್ದು! ನಾಣ್ಯ ಹತ್ತು ಸಲ ಚಿಮ್ಮು. ಒಟ್ಟು 1024 ರೀತೀಲಿ ಬೀಳಬಹುದು. ಹತ್ತೂ ಹೆಡ್ ಬೀಳೋಕೆ ಇರೋದು ಒಂದೇ ದಾರಿ. ಐದು ಹೆಡ್, ಐದು ಟೇಲ್ ಬೀಳೋಕೆ 252 ದಾರಿ. ನಾಲ್ಕರಿಂದ ಆರು ಹೆಡ್ ತನಕ ಸೇರಿಸಿದರೆ 672. ತುದಿಗೆ ಹೋಗೋ ದಾರಿ ಕಮ್ಮಿ, ನಡುವಿಗೆ ಬರೋ ದಾರಿ ಜಾಸ್ತಿ. ಇಷ್ಟೇ ಗುಟ್ಟು. ಡಿ ಮುವಾವ್ರ್ ಅನ್ನೋ ಗಣಿತಜ್ಞ ನಾಣ್ಯದ ಲೆಕ್ಕ ಮಾಡ್ತಾ ಮಾಡ್ತಾ 1733ರಲ್ಲೇ ಈ ರೇಖೆ ಹಿಡಿದಿದ್ದ. 1810ರಲ್ಲಿ ಲಾಪ್ಲಾಸ್ ಅನ್ನೋ ಇನ್ನೊಬ್ಬ ಗಣಿತಜ್ಞ ಬಂದು, ನಾಣ್ಯವೇ ಬೇಕಿಲ್ಲ, ಸಣ್ಣಪುಟ್ಟ ಕಾರಣಗಳು ಒಂದರ ಗೊಡವೆ ಇನ್ನೊಂದಕ್ಕಿಲ್ಲದೆ ಬೇಕಾದಷ್ಟು ಕೂಡಿಕೊಂಡರೆ ಸಾಕು ಅಂತ ತೋರಿಸಿದ."

"ಎತ್ತರಕ್ಕೂ ಅದೇನಾ?"

"ಮತ್ತೆ? ಎತ್ತರವನ್ನ ಒಂದು ಜೀನ್ ತೀರ್ಮಾನ ಮಾಡಲ್ಲ, ಸಾವಿರಾರು ಕಡೆಯಿಂದ ಕೈವಾಡ. ಒಂದು ಕೂದಲೆಳೆಯಷ್ಟು ಏರಿಸಿದರೆ ಇನ್ನೊಂದು ಅಷ್ಟೇ ಇಳಿಸುತ್ತೆ. ಮೇಲೆ ಚಿಕ್ಕಂದಿನ ಊಟ, ಜ್ವರ. ಎಲ್ಲವೂ ಒಟ್ಟಾಗಿ ಮೇಲಕ್ಕೇ ಎಳೆಯೋದು ಅಪರೂಪ, ಅದಕ್ಕೇ ಏಳಡಿ ಆಳು ಅಪರೂಪ. ಮೆಂಡೆಲನ ಆನುವಂಶಿಕತೆಯ ನಿಯಮಗಳಿಂದಲೇ ಇದು ಹೊರಡುತ್ತೆ ಅಂತ 1918ರಲ್ಲಿ ಫಿಷರ್ ಅನ್ನೋ ಸಂಖ್ಯಾಶಾಸ್ತ್ರಜ್ಞ ಸಾಧಿಸಿದ."

"ಹಾಗಾದರೆ ದುಡ್ಡಿಗೂ ಗಂಟೆ ಇರಬೇಕಲ್ಲ?"

"ಇಲ್ಲ. ದುಡ್ಡು ಬರೀ ಕೂಡಿಕೊಳ್ಳಲ್ಲ, ಗುಣಿಸಿಕೊಳ್ಳುತ್ತೆ. ಇದ್ದವನಿಗೆ ಇದ್ದದ್ದರ ಮೇಲೇ ಬಡ್ಡಿ. ನಿನ್ನ ಹತ್ತರಷ್ಟು ಎತ್ತರದವನು ಭೂಮಿ ಮೇಲಿಲ್ಲ. ನಿನ್ನ ಹತ್ತರಷ್ಟು ಆಸ್ತಿಯವನು ಈ ಬೀದೀಲೇ ಇದ್ದಾನೆ!"

ಇಬ್ಬರ ಕಣ್ಣೂ ಮೂಲೆಮನೆಯ ಕಡೆ ಹೊರಳಿತು.

"ಹುಡುಗನ ವಿಷಯಕ್ಕೆ ಬನ್ನಿ ಮೇಷ್ಟ್ರೇ. ಅವನದು ಹತ್ತು ಜನರ ಟೀಮು. ಒಬ್ಬ ಅತ್ಯುತ್ತಮ, ಒಬ್ಬ ಕಳಪೆ, ಮಿಕ್ಕವರು ಮಧ್ಯಮ ಅಂತ ವರ್ಷವೂ ಹಂಚಲೇಬೇಕಂತೆ."

"ಹತ್ತು ಜನಕ್ಕೆ ಎಲ್ಲಿಯ ಗಂಟೆಯೋ! ಅದೂ ಇಂಟರ್‌ವ್ಯೂನಲ್ಲಿ ಸೋಸಿ ತೆಗೆದವರು, ಕೆಳಗಿನ ತುದಿ ಬಾಗಿಲಲ್ಲೇ ಉಳಿದಿದೆ. ಎಲ್ಲರಿಗೂ ಒಂದೇ ಪ್ರಾಜೆಕ್ಟು, ಒಬ್ಬನ ಕೆಲಸ ನಿಂತರೆ ಇನ್ನೊಬ್ಬನದೂ ನಿಲ್ಲುತ್ತೆ. ಒಂದರ ಗೊಡವೆ ಇನ್ನೊಂದಕ್ಕಿಲ್ಲ ಅನ್ನೋ ಷರತ್ತೇ ಅಲ್ಲಿ ಮುರಿದುಬಿತ್ತು. ಪ್ರಕೃತಿ ಯಾರನ್ನೂ ಗಂಟೆಯೊಳಗೆ ತುರುಕಲ್ಲ ಕಣಯ್ಯ, ಅಳೆದ ಮೇಲೆ ನಮಗೆ ಅದು ಕಾಣಿಸುತ್ತೆ, ಅಷ್ಟೆ."

ನಿಮ್ಮ ಮನೆಯಲ್ಲೂ ಯಾರಿಗಾದರೂ ಬೆಲ್ ಕರ್ವ್ ತೋರಿಸಿ ಇನ್‌ಕ್ರಿಮೆಂಟ್ ಕಡಿದಿದ್ದರೆ, ಒಂದು ಪ್ರಶ್ನೆ ಕೇಳಿ ನೋಡಲು ಹೇಳಿ: ಅಳೆದದ್ದು ಮೊದಲೋ, ಗೆರೆ ಎಳೆದದ್ದು ಮೊದಲೋ?