ಡೆಸ್ಕ್‌ಟಾಪ್ ಪೂಲ್ ನೋಡಿಕೊಳ್ಳುವ ಅಡ್ಮಿನ್‌ಗಳಿಗೆ ಒಂದು ಬಹಿರಂಗ ಪತ್ರ



ವರ್ಚುವಲ್ ಡೆಸ್ಕ್‌ಟಾಪ್‌ಗಳ ಪೂಲ್ ಮಾಡುವಾಗ ನೀವು ತುಂಬುವ ಪುಟದಲ್ಲಿ ಒಂದು ಸಾಲಿದೆ: ಸಂಪರ್ಕ ಕಡಿದ ಮೇಲೆ ಲಾಗಾಫ್ ಯಾವಾಗ? ಹೊರೈಜನ್ ಸಾಫ್ಟ್‌ವೇರ್‌ನಲ್ಲಿ ಅದಕ್ಕೆ ಮೂರು ಉತ್ತರ: ತಕ್ಷಣ, ಎಂದೂ ಬೇಡ, ಇಲ್ಲವೇ ಇಷ್ಟು ನಿಮಿಷದ ನಂತರ. ಈ ಪತ್ರ ಮುಖ್ಯವಾಗಿ ಆ ಒಂದು ಸಾಲಿನ ಬಗ್ಗೆ. ನಾನು ಹೆಲ್ಪ್‌ಡೆಸ್ಕ್‌ನಲ್ಲಿ ಕೂರುವವಳು. ನೀವು ಅಲ್ಲಿ ಹಾಕಿದ ಅಂಕಿಯ ಪರಿಣಾಮ ಮೊದಲು ಕೇಳಿಸುವುದು ನನ್ನ ಫೋನಿನಲ್ಲಿ.

ಶಿರಸಿ ಕಡೆಯ ಒಬ್ಬ ಹುಡುಗಿ ಮನೆಯಿಂದಲೇ ಇನ್ಶೂರೆನ್ಸ್ ಕ್ಲೇಮ್‌ಗಳನ್ನು ನೋಡುತ್ತಾಳೆ. ಮಳೆಗಾಲದ ಮಧ್ಯಾಹ್ನ ಕರೆಂಟ್ ಹೋಗಿ ರೂಟರ್ ಆರಿತು. ಮೊಬೈಲ್‌ನ ಹಾಟ್‌ಸ್ಪಾಟ್ ಹಾಕಿಕೊಂಡು, ಸಿಗ್ನಲ್ ಸಿಗುವ ಜಗಲಿಯ ಮೂಲೆಗೆ ಲ್ಯಾಪ್‌ಟಾಪ್ ಒಯ್ದು ಮತ್ತೆ ಲಾಗಿನ್ ಆದಳು. ಡೆಸ್ಕ್‌ಟಾಪ್ ಏನೋ ಬಂತು. ಅದರಲ್ಲಿ ಬೆಳಗಿನಿಂದ ತುಂಬುತ್ತಿದ್ದ ಎಕ್ಸೆಲ್ ಶೀಟಿರಲಿಲ್ಲ, ತೆರೆದಿಟ್ಟಿದ್ದ ಫೈಲ್‌ಗಳೂ ಇರಲಿಲ್ಲ. "ಮೇಡಂ, ನಾನು ಲಾಗಾಫ್ ಕೊಟ್ಟೇ ಇಲ್ಲ" ಎಂದಳು. ಕೊಟ್ಟಿರಲಿಲ್ಲ ನಿಜ. ಪೂಲ್‌ನ ಸೆಟ್ಟಿಂಗ್ ಅವಳ ಪರವಾಗಿ ಕೊಟ್ಟಿತ್ತು. ಅದು ಕ್ಲೋನ್‌ಗಳ ಫ್ಲೋಟಿಂಗ್ ಪೂಲ್. ಲಾಗಾಫ್ ಆದ ಯಂತ್ರವನ್ನೇ ಅಳಿಸಿ, ಮಾಸ್ಟರ್ ಇಮೇಜ್‌ನಿಂದ ಹೊಸದೊಂದನ್ನು ಎಬ್ಬಿಸುತ್ತಾರೆ. ಅವಳ ಶೀಟನ್ನು ಎಲ್ಲಿ ಅಂತ ಹುಡುಕಲಿ? ಹುಡುಕಬೇಕಾದ ಯಂತ್ರವೇ ಉಳಿದಿರಲಿಲ್ಲ.

ಫ್ಲೋಟಿಂಗ್ ಪೂಲ್ ಅಂದರೆ ಲಾಡ್ಜ್ ರೂಮು, ಖಾಲಿ ಮಾಡಿದ ಮೇಲೆ ಗುಡಿಸಿ ಮುಂದಿನವರಿಗೆ ಕೊಡಲೇಬೇಕು. ಇದಕ್ಕೆ ನನ್ನ ತಕರಾರಿಲ್ಲ. ಮೂರು ಶಿಫ್ಟ್ ನಡೆಯುವ ಕಡೆ ಪ್ರತಿಯೊಬ್ಬರಿಗೂ ಸ್ವಂತ ಯಂತ್ರ ಕೊಡಲು ಲೈಸೆನ್ಸು, ಸ್ಟೋರೇಜು, ಕ್ಲೌಡ್ ಬಾಡಿಗೆ ಎಲ್ಲಕ್ಕೂ ದುಡ್ಡು ಬೇಕು. ನನ್ನ ತಕರಾರು, ರೂಮಿನಲ್ಲಿದ್ದವರು ಹೊರಟರೋ ಇಲ್ಲವೋ ಎಂದು ನಿರ್ಧರಿಸುವ ರೀತಿಯ ಬಗ್ಗೆ.

ಏಕೆಂದರೆ ಆ ನಿರ್ಧಾರ ಒಂದೇ ಜಾಗದಲ್ಲಿ ಆಗುವುದಿಲ್ಲ. ಕೀಬೋರ್ಡ್ ಮುಟ್ಟದೆ ಎಷ್ಟು ಹೊತ್ತು ಕೂತರೆ ಸಂಪರ್ಕ ಕಡಿಯಬೇಕು ಎಂಬುದು ಗ್ರೂಪ್ ಪಾಲಿಸಿಯಲ್ಲಿದೆ. ಅದನ್ನು ಸೆಕ್ಯುರಿಟಿಯವರು ಬರೆದಿರುತ್ತಾರೆ. ಕಡಿದ ಎಷ್ಟು ಹೊತ್ತಿಗೆ ಲಾಗಾಫ್ ಎಂಬುದು ಪೂಲ್‌ನ ಪುಟದಲ್ಲಿದೆ. ಅದನ್ನು ನೀವು ತುಂಬಿರುತ್ತೀರಿ. ಲಾಗಾಫ್ ಆದಮೇಲೆ ಅಳಿಸುವುದು ಪೂಲ್ ಯಾವ ಬಗೆಯದು ಎಂಬುದರಲ್ಲೇ ಅಡಗಿದೆ. ಅದನ್ನು ಪ್ರಾಜೆಕ್ಟ್ ಶುರುವಾದಾಗ ಯಾರೋ ಆರಿಸಿ ಹೋಗಿರುತ್ತಾರೆ. ಮೊದಲನೆಯದು 15 ನಿಮಿಷ, ಎರಡನೆಯದು 10 ನಿಮಿಷ ಅಂತಿಟ್ಟುಕೊಳ್ಳಿ. ಬಿಡಿಬಿಡಿಯಾಗಿ ಎರಡೂ ಸರಿ ಎನಿಸುತ್ತವೆ. ಕೂಡಿದರೆ 25 ನಿಮಿಷ. ಮಗುವಿಗೆ ಉಣಿಸಿ, ತಾನೂ ಎರಡು ತುತ್ತು ತಿಂದು ಬರುವವಳಿಗೆ ಅಷ್ಟು ಹೊತ್ತು ಸಾಲದು. ಐಡಲ್ ಮಿತಿ ಮುಟ್ಟುವ ಎರಡು ನಿಮಿಷ ಮೊದಲು ವಿಂಡೋಸ್ ಎಚ್ಚರಿಕೆ ತೋರಿಸುತ್ತದೆ, ಹೌದು. ಅದನ್ನು ಓದಬೇಕಾದವಳು ಆಗ ಅಡುಗೆಮನೆಯಲ್ಲಿರುತ್ತಾಳೆ.

ಈ ಅಂಕಿಗಳು ಎಲ್ಲಿಂದ ಬಂದವು ಎಂಬುದನ್ನೂ ನೆನಪಿಸಬೇಕು. ಯುಪಿಎಸ್, ಜನರೇಟರ್, ಲೀಸ್ಡ್ ಲೈನ್ ಇರುವ ಬೆಂಗಳೂರಿನ ಆಫೀಸುಗಳಲ್ಲಿ ಸಂಪರ್ಕ ಕಡಿಯಿತೆಂದರೆ ಸಾಮಾನ್ಯವಾಗಿ ಜನ ಎದ್ದು ಹೋಗಿದ್ದಾರೆ ಎಂದೇ ಅರ್ಥವಾಗಿತ್ತು. 2020ರ ಮಾರ್ಚ್‌ನಲ್ಲಿ ದೂರಸಂಪರ್ಕ ಇಲಾಖೆ ಬಿಪಿಒಗಳಿಗೆ ಮನೆಯಿಂದ ಕೆಲಸ ಮಾಡಿಸಲು ನಿಯಮ ಸಡಿಲಿಸಿತು, ಲಾಕ್‌ಡೌನ್ ಬಂತು, ಜನ ಊರು ಸೇರಿದರು. ಪೂಲ್‌ನ ಅಂಕಿಗಳು ಎಷ್ಟೋ ಕಡೆ ಇದ್ದಲ್ಲೇ ಉಳಿದವು. ಊರಿನ ಮನೆಯಲ್ಲಿ ಸಂಪರ್ಕ ಕಡಿದರೆ ಕರೆಂಟ್ ಹೋಗಿದೆ ಅಂತ ಅರ್ಥ, ಕೆಲಸ ಮುಗಿದಿದೆ ಅಂತಲ್ಲ.

ಹಾಗಾಗಿ ನನ್ನ ಬೇಡಿಕೆ ಇಷ್ಟು: ಕೀಬೋರ್ಡ್ ಮುಟ್ಟದೆ ಕೂತವರ ಪರದೆಯನ್ನು ಲಾಕ್ ಮಾಡಿ, ಸಂಪರ್ಕ ಕಡಿಯಬೇಡಿ. ಬೇರೆಯವರು ಬಂದು ನೋಡದಂತೆ ಕಾಯಲು ಲಾಕ್ ಸಾಕು. ಕಡಿದ ಸೆಷನ್ ಕನಿಷ್ಠ ಎರಡು ಗಂಟೆಯಾದರೂ ಉಳಿಯಲಿ. "ತಕ್ಷಣ" ಎಂಬ ಉತ್ತರವನ್ನು ತರಬೇತಿ ಕೊಠಡಿಯಂಥ ಕಡೆಗಳಿಗೆ ಮೀಸಲಿಡಿ. ಪ್ರೊಫೈಲ್ ಕಂಟೇನರ್ ಹಾಕಿದ್ದೇವಲ್ಲ ಎನ್ನಬಹುದು ನೀವು. ಮೈಕ್ರೋಸಾಫ್ಟ್ 2018ರಲ್ಲಿ ಎಫ್‌ಎಸ್‌ಲಾಜಿಕ್ಸ್ ಎಂಬ ಪ್ರೊಫೈಲ್ ಕಂಟೇನರ್ ಕಂಪನಿಯನ್ನು ಕೊಂಡ ಮೇಲೆ ಅದು ಸುಲಭವಾಗಿದೆ, ಒಳ್ಳೆಯ ವ್ಯವಸ್ಥೆಯೂ ಹೌದು. ಯಾವ ಯಂತ್ರಕ್ಕೆ ಹೋದರೂ ಪ್ರೊಫೈಲ್ ಹಿಂದೆಯೇ ಬರುತ್ತದೆ. ಸೇವ್ ಮಾಡದ ಶೀಟು ಮಾತ್ರ ಬರುವುದಿಲ್ಲ.

ಉಳಿದವನ್ನು ಬೇಗ ಹೇಳಿ ಮುಗಿಸುತ್ತೇನೆ. ಬೆಳಗ್ಗೆ ಒಂಬತ್ತಕ್ಕೆ ಎಲ್ಲರೂ ಒಟ್ಟಿಗೆ ನುಗ್ಗುತ್ತಾರೆ. ಸ್ಪೇರ್ ಯಂತ್ರಗಳ ಸಂಖ್ಯೆ ಆ ಹೊತ್ತಿಗಾದರೂ ಹೆಚ್ಚಿರಲಿ. ಹಾಜರಿ ಹಿಡಿಯುವುದು ಲಾಗಿನ್ ಸಮಯದಿಂದ, ಯಂತ್ರ ಏಳುವವರೆಗೆ ಕಾದ ಹೊತ್ತು ಅವರ ತಡವಾಗಿ ದಾಖಲಾಗುತ್ತದೆ. ಅಜೂರ್‌ನಲ್ಲಾದರೆ ಬೆಳಗ್ಗೆ ಜನರನ್ನು ಎಲ್ಲ ಯಂತ್ರಗಳಿಗೆ ಹಂಚಿ, ಸಂಜೆ ಕೆಲವೇ ಯಂತ್ರಗಳಲ್ಲಿ ತುಂಬಿಸುವಂತೆ ಸ್ಕೇಲಿಂಗ್ ಪ್ಲಾನ್ ಬರೆಯಬಹುದು, ದುಡ್ಡೂ ಉಳಿಯುತ್ತದೆ. ಕ್ಲಿಪ್‌ಬೋರ್ಡನ್ನು ಎರಡೂ ಕಡೆಯಿಂದ ಮುಚ್ಚಿದ ಕಡೆ ಜನ ಮೊಬೈಲ್‌ನಲ್ಲಿ ಪರದೆಯ ಫೋಟೋ ತೆಗೆಯುತ್ತಾರೆ. ಆ ಫೋಟೋ ಯಾವ ಲಾಗ್‌ನಲ್ಲೂ ಸಿಗುವುದಿಲ್ಲ. ಹೊರಗಿನಿಂದ ಒಳಗೆ ಅಂಟಿಸಲು ಬಿಟ್ಟು, ಒಳಗಿನಿಂದ ಹೊರಗೆ ಮಾತ್ರ ತಡೆಯುವ ಆಯ್ಕೆಯಿದೆ, ಅದನ್ನು ಬಳಸಿ.

ಕನ್ನಡದ ವಿಷಯ ಬಿಡಲಾರೆ. ಕನ್ನಡದಲ್ಲಿ ಟೈಪ್ ಮಾಡುವವರು ಪ್ರತಿ ಲಾಗಿನ್‌ಗೂ ಕೀಬೋರ್ಡ್ ಸೇರಿಸಿಕೊಳ್ಳುವುದನ್ನು ನೋಡಿದ್ದೇನೆ, ನುಡಿ ತಂತ್ರಾಂಶ ಹಾಕಿಕೊಳ್ಳಲು ಅಡ್ಮಿನ್ ಅನುಮತಿಗಾಗಿ ಟಿಕೆಟ್ ಬರೆಯುವುದನ್ನೂ. ಮಾಸ್ಟರ್ ಇಮೇಜ್‌ನಲ್ಲಿ ಒಮ್ಮೆ ನುಡಿ, ಅದರ ಫಾಂಟ್‌ಗಳು, ಕನ್ನಡ ಕೀಬೋರ್ಡ್ ಹಾಕಿದರೆ ಅದರಿಂದ ಹುಟ್ಟುವ ಎಲ್ಲ ಯಂತ್ರಗಳಲ್ಲೂ ಇರುತ್ತವೆ. ಇದಕ್ಕೆ ಹೊಸ ಲೈಸೆನ್ಸ್ ಬೇಕಿಲ್ಲ, ಮುಂದಿನ ಇಮೇಜ್ ಅಪ್‌ಡೇಟ್‌ವರೆಗೆ ಕಾದರೆ ಸಾಕು.

ಇನ್ನೊಂದು ಕೋರಿಕೆ. ಐಡಲ್ ಎಷ್ಟು, ಲಾಗಾಫ್ ಎಷ್ಟು, ಆಮೇಲೆ ಯಂತ್ರ ಅಳಿಯುತ್ತದೋ ಉಳಿಯುತ್ತದೋ ಎಂಬುದನ್ನು ಪ್ರತಿ ಪೂಲ್‌ಗೂ ಒಂದೇ ಹಾಳೆಯಲ್ಲಿ ಬರೆದು, ಸೆಕ್ಯುರಿಟಿಯವರ ಜೊತೆ ಕೂತು ನೋಡಿ. ಒಂದು ಪ್ರತಿ ಹೆಲ್ಪ್‌ಡೆಸ್ಕ್‌ಗೆ ಕಳಿಸಿ. ಕೆಲಸಕ್ಕೆ ಸೇರಿದ ದಿನವೇ ಪ್ರತಿಯೊಬ್ಬರಿಗೂ ಅದನ್ನು ಓದಿ ಹೇಳುವ ಕೆಲಸ ನಮ್ಮದು.

ಇಂತಿ,
ನಿಮ್ಮ ಹೆಲ್ಪ್‌ಡೆಸ್ಕ್ ಸಹೋದ್ಯೋಗಿ